ಕುಂಕುಮ ಹಚ್ಚಿದ ಪಾಸ್‌ವರ್ಡ್

ಮೇ 20, 2024, ಸೋಮವಾರ

ಹೊಸ ಪುಸ್ತಕ. ಮೊದಲ ಪುಟದಲ್ಲೇ ಬೈಗುಳ ಬರೆಯಬಾರದು ಅಂದುಕೊಂಡಿದ್ದೆ. ಆಗಲಿಲ್ಲ.

ತಮಿಳು ಸೀಮೆಯ ಬೆಟ್ಟದ ಮೇಲಿನ ಈ ಟೀ ಫ್ಯಾಕ್ಟರಿಯ ಕಂಪ್ಯೂಟರ್ ಕೆಲಸಕ್ಕೆ ಸೇರಿ ಇವತ್ತಿಗೆ ಹತ್ತು ದಿನ. ಕಟ್ಟಬೆಟ್ಟಿನ ಸುತ್ತಲಿನ ಹಟ್ಟಿಗಳ ಸಣ್ಣ ಬೆಳೆಗಾರರು ಇಲ್ಲಿಗೆ ಲೀಫ್, ಅಂದರೆ ಹಸಿ ಟೀ ಎಲೆ, ಕೊಡುತ್ತಾರೆ. ಮಳೆ ಬಿದ್ದು ಚಿಗುರು ಉಕ್ಕುವ ಈ ತಿಂಗಳುಗಳಲ್ಲಿ ಎಲ್ಲರ ಲೀಫನ್ನೂ ಒಂದೇ ದಿನ ಅರೆಯಲು ಯಂತ್ರಗಳಿಂದ ಆಗುವುದಿಲ್ಲ. ಅದಕ್ಕೇ ಸರದಿ. ಇವತ್ತು ಯಾವ ಹಟ್ಟಿಗೆ ಲಾರಿ ಬರುತ್ತದೆ, ಯಾವ ಹಟ್ಟಿಯವರು ಕೀಳಬಾರದು ಎಂದು ಬೆಳಿಗ್ಗೆ ಐದಕ್ಕೆ ಆರುನೂರು ಮೊಬೈಲಿಗೆ ಮೆಸೇಜು ಹೋಗಬೇಕು. ಅದಕ್ಕೊಂದು ಪ್ರೋಗ್ರಾಂ ಇದೆ. ಐದಕ್ಕೆ ತಾನಾಗಿ ಶುರುವಾಗುತ್ತದೆ, ಸರದಿ ಪಟ್ಟಿ ಇರುವ ಡೇಟಾಬೇಸಿಗೆ ಹೋಗುತ್ತದೆ, ಡೇಟಾಬೇಸು ಪಾಸ್‌ವರ್ಡ್ ಕೇಳುತ್ತದೆ, ಅಷ್ಟೇ, ಅಲ್ಲಿಗೆ ನಿಂತಿತು. ಯಾರಾದರೂ ಬಂದು ಒತ್ತುವವರೆಗೆ ಅಲ್ಲಾಡುವುದಿಲ್ಲ.

ಒತ್ತುವ ಮಹಾನುಭಾವ ಯಾರು? ರಾತ್ರಿ ಪಾಳಿಯ ವಾಚ್‌ಮನ್ ಮಾದಯ್ಯ! ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಹಾಕುವ ಮನುಷ್ಯ. ಗೋಡೆಯ ಮೇಲಿನ ಚೀಟಿಯಲ್ಲಿರುವ ಅಕ್ಷರದ ಆಕಾರ ನೋಡುವುದು, ಅದೇ ಆಕಾರದ ಕೀಲಿ ಹುಡುಕುವುದು, ಒಂದೇ ಬೆರಳಲ್ಲಿ ಕುಟ್ಟುವುದು. ಎಂಟು ವರ್ಷದಿಂದ ಹೀಗೇ ನಡೆದಿದೆಯಂತೆ. ಇವತ್ತು ಬೇಗ ಹೋಗಿ ಕಣ್ಣಾರೆ ನೋಡಿದೆ. ಮೈತುಂಬ ಬೀಡಿ ನಾತ, ಬೆಟ್ಟದ ಚಳಿಗೆ ಸುರಿಯುವ ಮೂಗು. ಯಾವ ಬೆರಳಲ್ಲಿ ಮೂಗು ಒರೆಸಿದನೋ ಅದೇ ಬೆರಳಲ್ಲಿ ಕೀಲಿ ಒತ್ತಿದ. ಥೂ! ಆ ಕೀಲಿಮಣೆಯನ್ನು ಇಡೀ ದಿನ ಮುಟ್ಟುವವಳು ನಾನು. ಸ್ಪಿರಿಟ್ ಹಾಕಿ ಎರಡು ಸಲ ಒರೆಸಿದೆ, ಆದರೂ ಮಧ್ಯಾಹ್ನ ಊಟ ಸೇರಲಿಲ್ಲ.

ಆ ಚೀಟಿಯೋ, ಅದೊಂದು ದೇವರು. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಟ್ಟವರು ಚೀಟಿಗೂ ಇಟ್ಟಿದ್ದಾರೆ. ಮ್ಯಾನೇಜರ ಮಗಳ ಹೆಸರು, ಮುಂದೆ ಅವಳು ಹುಟ್ಟಿದ ವರ್ಷ, ನಡುವೆ ಕುಂಕುಮ. ಇದು ಪಾಸ್‌ವರ್ಡ್! ಕಂಪ್ಯೂಟರಿನ ಗಾಜಿನ ಕ್ಯಾಬಿನ್ನಿಗೆ ಬೀಗ ಇದೆಯೆಂಬುದೊಂದೇ ಪುಣ್ಯ. ಬೀಗದ ಕೈ ಮೂವರ ಹತ್ತಿರ: ಮ್ಯಾನೇಜರ್ ಜಯರಾಮನ್, ನಾನು, ಮಾದಯ್ಯ.

ಈ ಆಫೀಸಿನಲ್ಲಿ ತಮಿಳು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಈ ಬೆಟ್ಟದ ಬಡಗರ ಮಾತು ಬರುತ್ತದೆ. ಕನ್ನಡ ಓದುವವರು ಒಬ್ಬರೂ ಇಲ್ಲ. ಗುಂಡ್ಲುಪೇಟೆಯ ಅಜ್ಜಿ ಮನೆಯಲ್ಲಿ ಹತ್ತನೆಯವರೆಗೆ ಓದಿದ್ದು ಇದೊಂದಕ್ಕೆ ಉಪಯೋಗಕ್ಕೆ ಬಂತು. ಈ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಹೋದರೂ ನನಗೆ ಚಿಂತೆಯಿಲ್ಲ.

ಮೇ 22, ಬುಧವಾರ

ನಿನ್ನೆ ಮಾದಯ್ಯನಿಗೆ ಜ್ವರ, ಕೆಲಸಕ್ಕೆ ಬರಲಿಲ್ಲ. ಒಂದು ಮೆಸೇಜೂ ಹೋಗಲಿಲ್ಲ. ಲಾರಿಗಳು ಖಾಲಿ ಹೋಗಿ ಖಾಲಿ ಬಂದವು. ಜಯರಾಮನ್ ಸರ್ ಕರೆದು ಕೂಗಾಡಿದರು.

"ಎನ್ನಮ್ಮಾ ರೂಪಾ, ಒಬ್ಬ ವಾಚ್‌ಮನ್‌ಗೆ ಜ್ವರ ಬಂದರೆ ಫ್ಯಾಕ್ಟರಿ ಮಲಗಬೇಕಾ? ನಾಳೆಯಿಂದ ಅದು ತಾನಾಗೇ ಹೋಗಬೇಕು. ನಾಳೆಯಿಂದ, ಆಯ್ತಾ?"

ಸರಿಯಾದ ದಾರಿ ನನಗೆ ಗೊತ್ತಿದೆ. ಪಾಸ್‌ವರ್ಡನ್ನು ಬೇರೊಂದು ಫೈಲಿನಲ್ಲಿಟ್ಟು, ಆ ಫೈಲನ್ನು ಒಂದೇ ಒಂದು ಲಾಗಿನ್ ಖಾತೆ ಓದುವಂತೆ ಮಾಡಬೇಕು. ಆದರೆ ಇಲ್ಲಿ ಎಲ್ಲರೂ ಒಂದೇ ಖಾತೆಯಲ್ಲಿ ಕೂತಿದ್ದಾರೆ. ಗುಮಾಸ್ತನಿಂದ ಫೀಲ್ಡ್ ಸೂಪರ್‌ವೈಸರ್‌ವರೆಗೆ ಎಲ್ಲರೂ ತಮ್ಮ ತಮ್ಮ ಮೇಜಿನಿಂದ ಅದೇ ಖಾತೆಯ ಮೂಲಕ ಕ್ಯಾಬಿನ್ನಿನ ಕಂಪ್ಯೂಟರಿಗೆ ಬರುತ್ತಾರೆ. ಅದನ್ನೆಲ್ಲ ಬಿಡಿಸಿ ಸರಿ ಮಾಡುವಷ್ಟು ತಾಳ್ಮೆ ಯಾರಿಗಿದೆ?

ಸದ್ಯಕ್ಕೆ ಅಂತ, ಪ್ರೋಗ್ರಾಂ ಓಡಿಸುವ ಆದೇಶದ ಸಾಲಿನಲ್ಲೇ ಪಾಸ್‌ವರ್ಡ್ ಬರೆದುಬಿಟ್ಟೆ. ಮಧ್ಯಾಹ್ನ ಲಾರಿ ಡ್ರೈವರುಗಳ ಹಾಳೆ ಅಚ್ಚು ಮಾಡುವ ಪ್ರೋಗ್ರಾಂಗೂ ಅದೇ ಸಾಲು. ಕೇಳುವವರಿಲ್ಲ, ಒತ್ತುವವರು ಬೇಕಿಲ್ಲ. ಕಂಪ್ಯೂಟರಿನಲ್ಲಿ ಈಗ ಏನೇನು ಓಡುತ್ತಿದೆ ಎಂದು ಯಾರಾದರೂ ಪಟ್ಟಿ ತೆಗೆದರೆ ಇಡೀ ಸಾಲು ಕಾಣುತ್ತದೆ, ಪಾಸ್‌ವರ್ಡ್ ಸಮೇತ. ಗೊತ್ತು. ಆದರೆ ಈ ಆಫೀಸಿನಲ್ಲಿ ಯಾರ ತಲೆಯಲ್ಲಿ ಅಷ್ಟು ಇದೆ?

ಸಂಜೆ ಪಾಳಿಗೆ ಬಂದ ಮಾದಯ್ಯನಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು.

"ನಾಳಿಕೆ ನಾ ಬರೀಬ್ಯಾಡ್ವಾ ಅವ್ವಾ?"

ಒತ್ತುವುದಕ್ಕೆ ಅವನು ಬರೆಯೋದು ಅನ್ನುತ್ತಾನೆ. ನಗು ಬಂತು. ಗೋಡೆಯ ಚೀಟಿಯನ್ನು ಪರ್ರನೆ ಕಿತ್ತು ಬುಟ್ಟಿಗೆ ಎಸೆಯಲು ಹೋದೆ, ಅಡ್ಡ ಬಂದ.

"ಕುಂಕುಮ ಇಟ್ಟಿರಾದ್ನ ಕಸಕ್ಕೆ ಹಾಕ್ಬಾರ್ದು ಕಣ್ರವ್ವ. ಕೊಡಿ, ಹರಿಯೋ ನೀರ್ಗೆ ಬುಟ್ಬುಡ್ತೀನಿ."

"ತಗೊಳ್ಳಿ ಮಾರಾಯರೆ, ಅಭಿಷೇಕ ಮಾಡಿ" ಎಂದು ಕೊಟ್ಟೆ. ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡ. ಇನ್ನೇನೇನು ಪೂಜೆ ನೋಡಬೇಕೋ ಈ ಊರಿನಲ್ಲಿ.

ಮೇ 23

ಐದಕ್ಕೆ ಹೋಯಿತು. ಆರುನೂರೂ ಹೋದವು. ನಾನು ನಿದ್ದೆಯಲ್ಲಿದ್ದೆ.

ಮೇ 28, ಮಂಗಳವಾರ

ಶುಕ್ರವಾರದಿಂದ ನಿನ್ನೆಯವರೆಗೆ ಗೂಡಲೂರಿನಲ್ಲಿ ಅಮ್ಮನ ಮನೆಯಲ್ಲಿದ್ದೆ. ಹೋಗುವಾಗ ಈ ಪುಸ್ತಕ ಮೇಜಿನ ಮೇಲೇ ಉಳಿದಿತ್ತು. ಇವತ್ತು ಬಂದರೆ ಕ್ಯಾಬಿನ್ನಿನ ತಗಡು ಸೋರಿ ಮೇಜೆಲ್ಲ ಕೆರೆ. ಪುಸ್ತಕ ಎಲ್ಲೂ ಇಲ್ಲ. ಅಷ್ಟರಲ್ಲಿ ಪಾಳಿ ಮುಗಿಸಿ ಹೊರಟಿದ್ದ ಮಾದಯ್ಯ ತನ್ನ ಡಬ್ಬಿಯಿಂದ ಪ್ಲಾಸ್ಟಿಕ್ ಕವರಿನ ಗಂಟೊಂದನ್ನು ತೆಗೆದ.

"ಸೋರ್ತಿತ್ತು ಕಣ್ರವ್ವ. ನೆನೆದೋದಾತು ಅಂತ ತೆಗ್ದು ಮಡಗಿದ್ದೆ."

ಗಂಟು ಕೊಡುವಾಗ ಹೆಗಲ ಟವೆಲ್ಲನ್ನು ಕೈಗೆ ಸುತ್ತಿಕೊಂಡು, ಟವೆಲ್ಲಿನಿಂದಲೇ ಹಿಡಿದು ಕೊಟ್ಟ. ಏನು ನಾಟಕವೋ! ಒಳಗೆ ಒಂದು ಹಾಳೆಯೂ ನೆನೆದಿಲ್ಲ. ಅವನ ಕೈಗೆ ಸಿಕ್ಕಿತಲ್ಲ ಎಂದು ಒಂದು ಗಳಿಗೆ ಕಸಿವಿಸಿಯಾಯಿತು. ಆಮೇಲೆ ನಗು ಬಂತು. ಓದಲು ಬಂದರೆ ತಾನೇ ಭಯ.

ಜೂನ್ 3, ಸೋಮವಾರ

ಇವತ್ತು ಹೊಲಸು ದಿನ.

ಬೆಳಿಗ್ಗೆ ಐದಕ್ಕೆ ಕೆಳಹಟ್ಟಿಯವರಿಗೆ ಮೆಸೇಜು ಹೋಗಿದೆ: ಇವತ್ತು ನಿಮ್ಮ ಸರದಿ, ಎರಡು ಗಂಟೆಗೆ ಲಾರಿ. ಹೆಂಗಸರು ಮಳೆಯಲ್ಲಿ ನೆನೆದುಕೊಂಡು ಕಿತ್ತು, ಮೂಟೆ ಕಟ್ಟಿ, ಲೀಫ್ ಷೆಡ್ಡಿನಲ್ಲಿಟ್ಟು ಕಾದಿದ್ದಾರೆ. ಲಾರಿ ಬರಲಿಲ್ಲ. ಒಂದು ಗಂಟೆಗೆ ಅಚ್ಚಾದ ಡ್ರೈವರ ಹಾಳೆಯಲ್ಲಿ ಕೆಳಹಟ್ಟಿಯ ಹೆಸರೇ ಇಲ್ಲ, ಮೇಲ್‌ಹಟ್ಟಿ ಎಂದಿದೆ. ಲಾರಿ ಮೇಲ್‌ಹಟ್ಟಿಗೆ ಹೋಗಿದೆ.

ಡೇಟಾಬೇಸು ನೋಡಿದೆ. ಮಧ್ಯಾಹ್ನ 12.40ಕ್ಕೆ ಯಾರೋ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದು ಎರಡು ಹಟ್ಟಿಗಳ ಸರದಿ ಅದಲುಬದಲು ಮಾಡಿದ್ದಾರೆ.

ಜಯರಾಮನ್ ಸರ್ ಮೇಜು ಗುದ್ದಿದರು. "ಪಾಸ್‌ವರ್ಡ್ ಯಾರಿಗೆ ಗೊತ್ತು? ನನಗೆ, ನಿನಗೆ. ಮೂರನೆಯವನು?"

ಮೂರನೆಯವನ ಹೆಸರು ಅವರೇ ಹೇಳಿದರು.

ಜೂನ್ 4

ಬೆಳಿಗ್ಗೆ ಎಂಟಕ್ಕೆ ಪಾಳಿ ಮುಗಿಸಿ ಹೊರಟ ಮಾದಯ್ಯನನ್ನು ಗೇಟಿನಲ್ಲೇ ನಿಲ್ಲಿಸಿದರು. ಲಾರಿಯವರು, ಲೋಡಿನವರು, ಎಲ್ಲರ ಎದುರು. ಫೀಲ್ಡ್ ಸೂಪರ್‌ವೈಸರ್ ಸಂತೋಷ್‌ಕುಮಾರ್ ಮುಂದೆ ಬಂದು ಅವನ ಜೇಬಿಗೆ ಕೈ ಹಾಕಿದ. ಬೀಡಿ ಕಟ್ಟು, ಬಸ್ ಟಿಕೆಟು, ಮಡಚಿದ ಚೀಟಿ. ಬಿಚ್ಚಿದರೆ ಕುಂಕುಮ, ಮ್ಯಾನೇಜರ ಮಗಳ ಹೆಸರು.

"ಅದು ಕುಂಕುಮದ್ದು ಸ್ವಾಮಿ. ಹೊಳೆಗೆ ಬುಡಾನ ಅಂತಿದ್ದೆ. ಆ ಕಡೆ ಹೋಗಾದೇ ಆಗ್ನಿಲ್ಲ."

ಎಲ್ಲರೂ ನಕ್ಕರು. ಯಾರಿಗೆ ಕೊಟ್ಟೆ, ಯಾರಿಗೆ ಹೇಳಿದೆ ಎಂದು ಜಯರಾಮನ್ ಸರ್ ಕೇಳಿದ್ದೇ ಕೇಳಿದ್ದು. ಅವನು ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿಕೊಂಡು ನಿಂತ. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದರು. ಡಬ್ಬಿ ಎತ್ತಿಕೊಂಡು ಹೋದ.

ಚೀಟಿಯನ್ನು ನಾನೇ ಕೊಟ್ಟೆ ಎಂದು ಹೇಳಬಹುದಿತ್ತು. ಆದರೆ ಅವತ್ತೇ ಎಸೆಯಬೇಕಿತ್ತಲ್ಲ ಆ ಮನುಷ್ಯ? ಹದಿಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗು ಎಂದು ನಾನು ಹೇಳಿದ್ದೆನೇ? ಎಂಥ ಜನ ಇವರು. ಬೇರೆಯವರ ಜೇಬಿಗೆ ಕೈ ಹಾಕಿ ಹಲ್ಲು ಕಿರಿಯುವವರು, ನಿಂತು ನಗುವವರು. ಹೇಸಿಗೆ.

ನಾನು ನಗಲಿಲ್ಲ.

ಜೂನ್ 5, ಬುಧವಾರ

ಹನ್ನೊಂದು ಗಂಟೆಗೆ ಕೆಳಹಟ್ಟಿಯ ಮಲ್ಲಾಜಮ್ಮ ಬಂದಳು. ಎಪ್ಪತ್ತರ ಹತ್ತಿರದ ಬಡಗರ ಮುದುಕಿ, ಬಿಳಿ ಮುಂಡು, ಕೈಯಲ್ಲಿ ಬಲೆಯ ಮೂಟೆ. ಯಾರನ್ನೂ ಕೇಳಲಿಲ್ಲ. ಆಫೀಸಿನ ಬಾಗಿಲಿಗೆ ಬಂದು ಮೂಟೆಯ ಬಾಯಿ ಬಿಚ್ಚಿ ಒಳಕ್ಕೇ ಸುರಿದಳು.

ಸೋಮವಾರ ಕಿತ್ತ ಲೀಫು. ಎರಡು ದಿನ ಮೂಟೆಯೊಳಗೆ ಕುದಿದು ಕೆಂಪಾಗಿ, ಕಪ್ಪಾಗಿ, ಲೋಳೆಯಾಗಿದೆ. ಹುಳಿ ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. ಕೈ ಹಾಕಿದರೆ ಇನ್ನೂ ಬಿಸಿ ಇತ್ತು. ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಮೂಗು ಮುಚ್ಚಬೇಡ ಅಮ್ಮೆ, ನೋಡು" ಎಂದಳು. ನನಗೆ ಅರ್ಥವಾಗಲೆಂದು ತನ್ನ ಬಡಗ ಮಾತನ್ನು ಕನ್ನಡದ ಕಡೆ ಎಳೆದೆಳೆದು ಆಡುತ್ತಾಳೆ. "ನಿನ್ನೆ ಲಾರಿಗ ಹಾಕಿದೆ, ಬೇಡ ಅಂದು ಕೆಳಗ ಎಸೆದ. ಮೂರು ಹೆಣ್ಣು ಕೂಡಿ ಮಳೆಲಿ ಕಿತ್ತ ಎಲೆ ಇದು. ಯಾರು ಮಾಡಿದ್ದು?"

ಸಂತೋಷ್‌ಕುಮಾರ್ ಮುಂದೆ ಬಂದು, "ಅಜ್ಜೀ, ವಾಚ್‌ಮನ್ ಮಾಡಿದ್ದು. ಅವನನ್ನು ಓಡಿಸಿಯಾಯಿತು" ಎಂದ.

"ಮಾದಣ್ಣನಾ?" ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಎನಗ ಓದು ಗೊತ್ತಿಲ್ಲೆ. ನಿಮ್ಮ ಮೆಸೇಜು ಎನಗ ಎಂತಕೆ? ದಿನಾ ಐದೂವರೆಗ ಮಾದಣ್ಣ ಫೋನ್ ಮಾಡಿ ಹೇಳ್ತಾನೆ, ಅಕ್ಕಾ ಇಂದು ಕೀಳು, ಅಕ್ಕಾ ಇಂದು ಬೇಡ. ಎಂಟು ವರ್ಷ. ಇಂದು ಬೆಳಗ್ಗೆ ಫೋನ್ ಇಲ್ಲೆ. ಅವನಾ ಎನ್ನ ಎಲೆ ಕೊಳೆಸಿದ್ದು?"

ಅವಳು ಖಾಲಿ ಬಲೆ ಮಡಚಿಕೊಂಡು ಹೋದಳು. ಗುಡಿಸಲು ಯಾರೂ ಬರಲಿಲ್ಲ. ಕೊನೆಗೆ ನಾನೇ ಗುಡಿಸಿದೆ. ಎರಡು ಸಲ ಸೋಪು ಹಾಕಿದರೂ ಕೈಯ ನಾತ ಹೋಗಿಲ್ಲ.

ಜೂನ್ 6

ಫೋನಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಲಿಲ್ಲ. ಮಾದಯ್ಯನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಜೂನ್ 8, ಶನಿವಾರ

ಇವತ್ತು ಮಧ್ಯಾಹ್ನ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿತು. ಡ್ರೈವರ ಹಾಳೆಯ ಪ್ರೋಗ್ರಾಂ ಮುಗಿಯದೆ ನಿಂತುಕೊಂಡಿತು. ಏನಾಯಿತೆಂದು ನೋಡಲು ಸಂತೋಷ್‌ಕುಮಾರನ ಮೇಜಿಗೆ ಹೋದೆ. ಅವನ ಪರದೆಯ ಮೇಲೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆರೆದೇ ಇತ್ತು. ನನ್ನ ಸಾಲು. ಪಾಸ್‌ವರ್ಡ್ ಸಮೇತ.

"ಅಕ್ಕಾ, ಯಾವಾಗಲೂ ನಾನು ಇಲ್ಲೇ ನೋಡೋದು, ಪ್ರಿಂಟ್ ಬಂತಾ ಇಲ್ಲವಾ ಅಂತ" ಎಂದು ಹಲ್ಲು ಬಿಟ್ಟ. ಆಮೇಲೆ ನನ್ನ ಮುಖ ನೋಡಿ ಹಲ್ಲು ಒಳಗೆ ಎಳೆದುಕೊಂಡ. ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಒಂದೇ ಒಂದು ದಿನ, ಅಕ್ಕಾ. ಮೇಲ್‌ಹಟ್ಟಿಯಲ್ಲಿ ನನ್ನ ಅತ್ತೆ ಸರದಿ ಇಲ್ಲದಿದ್ದರೂ ಕಿತ್ತುಬಿಟ್ಟಿದ್ದರು. ಹೆಂಡತಿ ಅಳುತ್ತಿದ್ದಳು. ಕೆಳಹಟ್ಟಿಯವರದು ಮರುದಿನ ತಗೊಂಡರಾಯಿತು ಅಂದುಕೊಂಡೆ. ಮಾದಯ್ಯನ ಜೇಬಿನಲ್ಲಿ ಚೀಟಿ ಇರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ? ನೀವೂ ಸಾಲಿನಲ್ಲಿ ಬರೆದಿದ್ದೀರಿ, ನಾನೂ ನೋಡಿದ್ದೀನಿ. ಇಬ್ಬರೂ ಸುಮ್ಮನಿದ್ದರೆ ಇಬ್ಬರಿಗೂ ಒಳ್ಳೇದು."

ಇಬ್ಬರೂ! ಆ ಮಾತು ಕೇಳಿ ಮೈ ಪರಚಿಕೊಳ್ಳುವಂತಾಯಿತು. ಇನ್ನೊಬ್ಬರ ಜೇಬಿಗೆ ಕೈ ಹಾಕಿದ ಈ ಕೊಳಕ ನನ್ನನ್ನು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೆ. ಬಾಯಿ ತುಂಬ ಬೈದು ಬರಬೇಕಿತ್ತು. ಪ್ರಿಂಟರಿಗೆ ಹೋಗಿ ಸಿಕ್ಕಿಕೊಂಡಿದ್ದ ಹಾಳೆ ಎಳೆದು ತೆಗೆದೆ.

ಸಂಜೆ ಎಲ್ಲರೂ ಹೋದ ಮೇಲೆ ಕೂತು ಸರಿ ಮಾಡಿದೆ. ಹೊಸ ಪಾಸ್‌ವರ್ಡ್. ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ. ಮೆಸೇಜಿನ ಮತ್ತು ಡ್ರೈವರ ಹಾಳೆಯ ಪ್ರೋಗ್ರಾಂಗಳಿಗೆ ತಮ್ಮದೇ ಒಂದು ಖಾತೆ, ಆ ಖಾತೆ ಮಾತ್ರ ಓದಬಲ್ಲ ಫೈಲಿನಲ್ಲಿ ಪಾಸ್‌ವರ್ಡ್. ಪರೀಕ್ಷೆಗೆಂದು ಫೈಲನ್ನು ಎಲ್ಲರೂ ಓದುವಂತೆ ಬಿಟ್ಟು ನೋಡಿದೆ. ಡೇಟಾಬೇಸಿನ ಪ್ರೋಗ್ರಾಂ ಅದನ್ನು ಮುಟ್ಟಲೇ ಇಲ್ಲ, ಈ ಫೈಲು ಬೇರೆಯವರಿಗೂ ಕಾಣುತ್ತಿದೆ, ನನಗೆ ಬೇಡ ಎಂದು ಬಿಟ್ಟುಬಿಟ್ಟಿತು. ಒಂದು ಜೀವವಿಲ್ಲದ ಪ್ರೋಗ್ರಾಂಗೆ ಅಷ್ಟು ಮಾನ ಇದೆ.

ಎಲ್ಲ ಸೇರಿ ಎರಡು ಗಂಟೆ ಹಿಡಿಯಿತು. ಎರಡೇ ಗಂಟೆ.

ಜೂನ್ 10

ಹೊಸ ವಾಚ್‌ಮನ್ ಬಂದಿದ್ದಾನೆ. ಕುರ್ಚಿಯಲ್ಲಿ ಮಲಗುತ್ತಾನೆ. ಐದಕ್ಕೆ ಮೆಸೇಜು ಸರಿಯಾಗಿ ಹೋಗುತ್ತಿದೆ. ಕೆಳಹಟ್ಟಿಯಿಂದ ಇವತ್ತೂ ಸರದಿ ತಪ್ಪಿ ಕಿತ್ತ ಮೂಟೆ ಬಂದಿದೆ. ಓದಲು ಬಾರದವರು ಇನ್ನೇನು ಮಾಡುತ್ತಾರೆ.

ಊಟ ಸೇರುತ್ತಿಲ್ಲ. ಕೀಲಿಮಣೆ ಮಾತ್ರ ಚೊಕ್ಕಟವಾಗಿದೆ.

ಜೂನ್ 13, ಗುರುವಾರ

ರಜೆ ಹಾಕಿ ತುಮ್ಮನಟ್ಟಿಗೆ ಹೋಗಿದ್ದೆ. ಮಾದಯ್ಯನ ಮನೆ ಅಲ್ಲಿ. ಅವರು ಯಾರದೋ ಹೊಲದಲ್ಲಿ ಕೂಲಿಗೆ ಕ್ಯಾರೆಟ್ ಕೀಳುತ್ತಿದ್ದರು. ನನ್ನನ್ನು ನೋಡಿ ಮಣ್ಣಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎದ್ದು ನಿಂತರು. "ಇಷ್ಟ್ ದೂರ ಬಂದ್ರಾ ಅವ್ವಾ? ಬನ್ನಿ ಬನ್ನಿ, ಮನೆಗೋಗಾನ."

ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿ ಕೂಲಿಗೆ ಹೋಗಿದ್ದರಿಂದ ಅವರೇ ಟೀ ಇಟ್ಟರು. ಇಡುವ ಮೊದಲು ಕೈ ತೊಳೆದರು. ಸೋಪು ಹಾಕಿ ಮತ್ತೊಮ್ಮೆ ತೊಳೆದರು. ಲೋಟವನ್ನು ಟವೆಲ್ಲಿನಲ್ಲಿ ಹಿಡಿದು ನನ್ನ ಮುಂದೆ ಇಟ್ಟರು.

ಕಿಟಕಿಯಲ್ಲಿ ಒಂದು ನೋಟ್‌ಬುಕ್ಕು ಇತ್ತು. ಎಲ್ಲಾದರೂ ನೋಡಬೇಕಲ್ಲ ಎಂದು ಅದನ್ನು ಕೈಗೆ ತೆಗೆದುಕೊಂಡೆ. ಗುಂಡಗಿನ ಕನ್ನಡ ಅಕ್ಷರ. ಹನ್ನೊಂದು ಹೆಸರು, ಹಟ್ಟಿ, ಫೋನ್ ನಂಬರು. 'ಮಲ್ಲಾಜಮ್ಮ, ಕೆಳಹಟ್ಟಿ. ಕಿವಿ ಮಂದ, ಎರಡು ಸಲ ರಿಂಗ್ ಮಾಡಬೇಕು.' 'ಚಿನ್ನಮ್ಮಾಳ್. ಮೊಮ್ಮಗಳು ಎತ್ತಿದರೆ ಅಜ್ಜಿಯನ್ನೇ ಕರೆಸಬೇಕು.' ಕೆಳಗೆ ಪ್ರತಿ ದಿನದ ಸರದಿ, ಹಿಂದಿನ ಸಂಜೆ ಸೂಪರ್‌ವೈಸರರನ್ನು ಕೇಳಿ ಬರೆದುಕೊಂಡದ್ದು, ಜೂನ್ ನಾಲ್ಕರವರೆಗೆ.

"ಇದು ಯಾರು ಬರೆದದ್ದು?"

"ನಾನೇ ಕಣ್ರವ್ವ. ನಮ್ಮೂರ್ ಕಡೆ ಸ್ಕೂಲ್ನಲ್ಲಿ ಏಳ್ನೇ ಕ್ಲಾಸ್ಗಂಟ ಓದಿವ್ನಿ. ಇಲ್ಲಿ ಎಲ್ಲಾ ಕಾಗ್ದವೂ ತಮಿಳು. ತಮಿಳು ಓದಾಕ್ ಬರಕಿಲ್ಲ ಅಂದಿದ್ಕೆ ಹೆಬ್ಬೆಟ್ ಹಾಕು ಅಂದ್ರು. ಹಾಕ್ದೆ."

ಪ್ಲಾಸ್ಟಿಕ್ ಕವರು, ಟವೆಲ್ಲು, ಎಲ್ಲ ಒಟ್ಟಿಗೆ ನೆನಪಾಯಿತು. ಕೇಳಲೇಬೇಕಾಯಿತು. "ನನ್ನ ಪುಸ್ತಕ?"

ಅವರು ಒಲೆಯ ಕಡೆ ತಿರುಗಿದರು. "ಯಾರ್ದು ಅಂತ ನೋಡಾಕೆ ಮೊದ್ಲ ಹಾಳೆ ತೆಗ್ದೆ. ನನ್ನ ಹೆಸ್ರು ಕಾಣ್ತು. ಅದೊಂದ್ ಹಾಳೆ ಓದ್ದೆ. ಆಮ್ಯಾಕೆ, ಬ್ಯಾರೇರ್ದು ಓದ್ಬಾರ್ದು ಅಂತ ಮುಚ್ಬುಟ್ಟೆ."

ಮೊದಲ ಹಾಳೆ. ಬೀಡಿ ನಾತ, ಸುರಿಯುವ ಮೂಗು, ಸ್ಪಿರಿಟ್. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅತ್ತುಬಿಟ್ಟೆ. ಅವರಿಗೆ ಮುಜುಗರವಾಗಿ, "ಟೀ ಆರ್ತದೆ ಕುಡೀರವ್ವ" ಎಂದರು.

"ಚೀಟಿ ಕೊಟ್ಟದ್ದು ನಾನು ಅಂತ ಅವತ್ತು ಗೇಟಿನಲ್ಲಿ ಯಾಕೆ ಹೇಳಲಿಲ್ಲ ನೀವು?"

"ನೀವೇ ಯೋಳ್ತೀರಿ ಅಂದ್ಕಂಡೆ" ಎಂದರು.

ಅಷ್ಟೇ ಎಂದದ್ದು. ಬೈದಿದ್ದರೆ ಬಸ್ಸಿನಲ್ಲಿ ಬರುವಾಗ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಜೂನ್ 14, ಶುಕ್ರವಾರ

ಜಯರಾಮನ್ ಸರ್‌ಗೆ ಎಲ್ಲ ಹೇಳಿದೆ. ಚೀಟಿ ನಾನು ಕೊಟ್ಟದ್ದು, ಪಾಸ್‌ವರ್ಡನ್ನು ಸಾಲಿನಲ್ಲಿ ಬರೆದದ್ದು ನಾನು, ಸಂತೋಷ್‌ಕುಮಾರ್ ನೋಡಿದ್ದು, ಅದಲುಬದಲು ಮಾಡಿದ್ದು. ಅವರು ಬಾಗಿಲು ಹಾಕಿಸಿ ಮೆಲ್ಲಗೆ ಮಾತಾಡಿದರು.

"ರೂಪಾ, ವಾಚ್‌ಮನ್ ಹೋದ, ವಿಷಯ ಮುಗಿಯಿತು. ನಿನ್ನ ಹೆಸರು ಯಾಕೆ ಕೆಡಿಸಿಕೊಳ್ತೀಯಾ? ಸಂತೋಷ್ ಕೆಲಸ ಗೊತ್ತಿರುವವನು. ನೀನೂ ಓದಿದವಳು. ಆ ಮುದುಕನಿಗೆ ಎಲ್ಲಾದರೂ ತೋಟದ ಕೆಲಸ ಸಿಗುತ್ತೆ. ಬಿಡಮ್ಮಾ."

ಎಷ್ಟು ನಯ, ಎಷ್ಟು ಕಾಳಜಿ! ಆ ಕೊಳೆತ ಲೀಫಿನ ನಾತವೇ ಮತ್ತೆ ಬಂದಂತಾಯಿತು. ಹತ್ತು ದಿನದಿಂದ ನಾನೂ ಮನಸ್ಸಿನೊಳಗೆ ಇದೇ ಮಾತು ಹೇಳಿಕೊಂಡಿದ್ದೆ, ಇದೇ ದನಿಯಲ್ಲಿ. ಅದಕ್ಕೇ ಇರಬೇಕು, ಅಷ್ಟು ಅಸಹ್ಯ ಅನಿಸಿದ್ದು.

"ನೀವು ಹೇಳದಿದ್ದರೆ ನಾನು ಕೆಳಹಟ್ಟಿಗೆ ಹೋಗಿ ಹೇಳುತ್ತೇನೆ ಸರ್" ಎಂದೆ.

"ನಿನಗೆ ಹುಚ್ಚು" ಎಂದರು.

ಜೂನ್ 15

ಹೋದೆ, ಹೇಳಿದೆ. ಲೀಫ್ ಷೆಡ್ಡಿನಲ್ಲಿ ಇಪ್ಪತ್ತು ಹೆಂಗಸರು, ಒದ್ದೆ ಮೂಟೆಗಳು, ನಡುವೆ ನಾನು. ಪಾಸ್‌ವರ್ಡು, ಸಾಲು ಎಂದರೆ ಅವರಿಗೇನು ಗೊತ್ತು? ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದವಳು ನಾನು, ಬಾಗಿಲು ತೆರೆದವನು ಇನ್ನೊಬ್ಬ, ಹೊಡೆತ ತಿಂದವರು ಮಾದಯ್ಯ ಎಂದೆ.

ಮಲ್ಲಾಜಮ್ಮ ಕೇಳಿದಳು, "ಇದ ಹೇಳಕ ಇಷ್ಟು ದಿನ ಬೇಕಾತಾ ಅಮ್ಮೆ?"

ಹೌದು ಎಂದೆ.

ಅವಳು ತನ್ನ ಮೂಟೆಯ ಮೇಲೆ ಕೂತಳು. "ಮಾದಣ್ಣನ ಫೋನ್ ಬರೋ ದಿನ ನಂಗ ಎಲ್ಲರೂ ಕೀಳುವ. ಅಲ್ಲಿಗಂಟ ನಿಮ್ಮ ಲಾರಿ ಬರೋದು ಬೇಡ. ಬೇರೆ ಫ್ಯಾಕ್ಟರಿ ಇಲ್ಲವಾ?" ಉಳಿದವರು ತಲೆಯಾಡಿಸಿದರು. ಲಾರಿ ಖಾಲಿ ಹೋಯಿತು.

ಜೂನ್ 19

ನಾಲ್ಕು ದಿನದಿಂದ ಕೆಳಹಟ್ಟಿಯ ಲೀಫಿಲ್ಲ. ನಿನ್ನೆಯಿಂದ ಇನ್ನೆರಡು ಹಟ್ಟಿಯವರೂ ಸೇರಿದ್ದಾರೆ. ನನಗೆ ಮೆಮೊ ಬಂತು. ಸಂತೋಷ್‌ಕುಮಾರನನ್ನು ಆಫೀಸಿನಿಂದ ತೆಗೆದು ಲಾರಿ ಡ್ಯೂಟಿಗೆ ಹಾಕಿದ್ದಾರೆ. ಅವನು ಎದುರು ಸಿಕ್ಕರೆ ಕ್ಯಾಕರಿಸಿ ಉಗುಳುತ್ತಾನೆ. ಉಗುಳಲಿ.

ಜಯರಾಮನ್ ಸರ್ ತಾವೇ ಜೀಪಿನಲ್ಲಿ ತುಮ್ಮನಟ್ಟಿಗೆ ಹೋಗಿ ಬಂದರಂತೆ. ಒಂದನೇ ತಾರೀಖಿನಿಂದ ಬರುತ್ತೇನೆ, ಹಿಡಿದ ಕ್ಯಾರೆಟ್ ಕೆಲಸ ಮುಗಿಸಬೇಕು ಎಂದರಂತೆ ಮಾದಯ್ಯನವರು. ಅಲ್ಲಿಯವರೆಗೆ ಕಾಯುತ್ತಾ ಲೀಫ್ ಕೊಡಲು ಕೆಳಹಟ್ಟಿಯವರು ಒಪ್ಪಿದ್ದಾರೆ, ಫೋನು ಮಾತ್ರ ನಾಳೆಯಿಂದಲೇ ಬರಬೇಕಂತೆ. ನೋಟ್‌ಬುಕ್ಕಿನ ಆ ಹನ್ನೊಂದು ನಂಬರನ್ನು ಮಾದಯ್ಯನವರಿಂದ ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದೇನೆ. ನಾಳೆ ಐದಕ್ಕೆ ಏಳಬೇಕು.

ಜೂನ್ 20

ಮಲ್ಲಾಜಮ್ಮನಿಗೆ ಎರಡು ಸಲ ರಿಂಗ್ ಮಾಡಿದೆ. "ನೀನಾ?" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಕೇಳಿಸಿಕೊಂಡಳು.

ಜುಲೈ 1, ಸೋಮವಾರ

ಐದಕ್ಕೆ ಮೆಸೇಜುಗಳು ತಾವಾಗಿಯೇ ಹೋದವು. ನಾನು ಆಗಲೇ ಕ್ಯಾಬಿನ್ನಿನಲ್ಲಿದ್ದೆ. ಈಗ ದಿನವೂ ನಾಲ್ಕೂಮುಕ್ಕಾಲಿಗೆ ಎಚ್ಚರವಾಗುತ್ತದೆ. ಕಿಟಕಿಯಲ್ಲಿ ಮಾದಯ್ಯನವರು ಕಂಡರು. ಗೇಟಿನ ಹತ್ತಿರ ಮಂಜಿನಲ್ಲಿ ಕೈಕಟ್ಟಿ ನಿಂತಿದ್ದರು. ಒಳಗೆ ಬನ್ನಿ, ಬೆಚ್ಚಗಿದೆ ಎಂದು ಕರೆದೆ.

"ಬ್ಯಾಡ ಕಣ್ರವ್ವ. ಆ ರೂಮ್ಗೆ ಇನ್ನು ನಾ ಬರಕಿಲ್ಲ. ಬೀಗದ ಕೈನೂ ಬ್ಯಾಡ ಅಂತ ಸಾಹೇಬ್ರಿಗೆ ಯೋಳಿವ್ನಿ. ಇಲ್ಲಿಂದ್ಲೇ ಫೋನ್ ಮಾಡ್ತೀನಿ ಬುಡಿ."

ಒತ್ತಾಯ ಮಾಡುವ ಮುಖ ನನಗೆಲ್ಲಿದೆ? ಆ ಹನ್ನೊಂದು ಹೆಸರು, ಎದುರಿಗೆ ಇವತ್ತಿನ ಸರದಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ನಾನೇ ಗೇಟಿಗೆ ತೆಗೆದುಕೊಂಡು ಹೋದೆ. ಮಳೆ ಸಣ್ಣಗೆ ಹನಿಯುತ್ತಿತ್ತು. ಚಳಿಗೆ ನನ್ನ ಮೂಗೇ ಸುರಿಯುತ್ತಿತ್ತು, ಕೈಯಿಂದಲೇ ಒರೆಸಿಕೊಂಡೆ. ಆಮೇಲೆ ಅದೇ ಕೈಯಲ್ಲಿ ಚೀಟಿ ಚಾಚಿದ್ದೇನೆಂದು ಗೊತ್ತಾಗಿ ಹಿಂದಕ್ಕೆ ಎಳೆದುಕೊಳ್ಳಹೋದೆ.

ಅವರ ಹೆಗಲ ಮೇಲೆ ಟವೆಲ್ಲು ಇತ್ತು. ಅದನ್ನು ಮುಟ್ಟಲಿಲ್ಲ. ಬರಿಗೈ ಚಾಚಿ ತೆಗೆದುಕೊಂಡರು, ದೀಪದ ಕಡೆ ಹಿಡಿದು ಹನ್ನೊಂದೂ ಹೆಸರು ಓದಿದರು. ಮಡಚಿ ಅಂಗಿಯ ಅದೇ ಜೇಬಿನಲ್ಲಿಟ್ಟುಕೊಂಡು ಮಲ್ಲಾಜಮ್ಮನ ನಂಬರು ಒತ್ತಿದರು.